ಖಾಲಿ ಪೆಟ್ಟಿಗೆಯ ಗಂಟೆ

ಗಂಟೆ ಹೊಡೆಯಿತು! ನನ್ನ ಮೊಮ್ಮಗಳು ಮಾಡಿದ ಗಂಟೆ, ನಮ್ಮ ಚಾಮರಾಜಪೇಟೆಯ ನರ್ಸಿಂಗ್ ಹೋಮಿನಲ್ಲಿ, ಎಲ್ಲರ ಎದುರಿಗೇ ಹೊಡೆಯಿತು. ಹೆಚ್ಚು ಓದಿದವಳಲ್ಲ ನಾನು, ಸಂತೋಷವನ್ನು ತಡೆದಿಟ್ಟು ಬರೆಯಲು ಬಾರದು. ಅದಕ್ಕೆ ಮುಂಚೆ ಪಟ್ಟ ಭಯವನ್ನು ಈಗ ಹೇಳುತ್ತೇನೆ.

ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಅಲ್ಲಿ ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಕಾವು ಹೆಚ್ಚುಕಡಿಮೆಯಾದರೆ ನರ್ಸಿನ ಮೇಜಿನ ಮೇಲಿನ ಕಂಪ್ಯೂಟರ್ ಗಂಟೆ ಹೊಡೆಯಬೇಕು. ಆ ಪ್ರೋಗ್ರಾಂ ಬರೆದವಳು ನನ್ನ ಮೊಮ್ಮಗಳು. ಇವಳ ತಾಯಿಯೂ ಎಂಟನೇ ತಿಂಗಳಿಗೇ ಹುಟ್ಟಿದವಳು. ಹತ್ತಿಯಲ್ಲಿ ಸುತ್ತಿ, ಉಸಿರಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ಹಾಗಾಗಿ ಪರೀಕ್ಷೆಯ ದಿನ, ಬೇಡವೆಂದರೂ ಜೊತೆಗೆ ಹೋದೆ.

ಖಾಲಿ ಪೆಟ್ಟಿಗೆಯ ಕಾವನ್ನು ಬೇಕೆಂದೇ ಏರಿಸಿದರು. ಸದ್ದೇ ಇಲ್ಲ. ಒಳಗೊಂದು ಕೂಸು ಇದ್ದಿದ್ದರೆ?

"ಮನೇಲಿ ಚೆನ್ನಾಗಿ ನಡೀತಿತ್ತು ಮೇಡಂ," ಎಂದಳು ಇವಳು.

"ಕೂಸುಗಳಿರೋದು ಇಲ್ಲಿ ಕಣಮ್ಮ, ನಿಮ್ಮನೇಲಲ್ಲ," ಎಂದರು ಡಾಕ್ಟರಮ್ಮ. "ಸಾಯಂಕಾಲದೊಳಗೆ ಹೊಡೀಲಿಲ್ಲ ಅಂದ್ರೆ ನಮಗಿದು ಬೇಡ."

ಮೊಮ್ಮಗಳು ಕೂತು ಹುಡುಕಿದಳು.

"ಅಜ್ಜೀ, ಪ್ರೋಗ್ರಾಂ ಶುರೂನೇ ಆಗಿಲ್ಲ. ಅದಕ್ಕೆ ಬೇಕಾದ ಲೈಬ್ರರಿ, ಅಂದ್ರೆ ಮೊದಲೇ ಬರೆದಿಟ್ಟ ಕೋಡು, ಈ ಕಂಪ್ಯೂಟರಲ್ಲೇ ಇತ್ತು, ಎಲ್ಲಾ ಪ್ರೋಗ್ರಾಂಗಳೂ ಅದನ್ನೇ ಹಂಚ್ಕೊಳ್ತಿದ್ವು. ನಿನ್ನೆ ಬಿಲ್ಲಿಂಗ್‌ಗೋಸ್ಕರ ಯಾರೋ ಅದನ್ನ ತೆಗೆದು ಹೊಸದು ಹಾಕಿದಾರೆ. ನಂದಕ್ಕೆ ಹೊಂದ್ತಿಲ್ಲ."

"ನಮ್ಮ ವಠಾರದ ಒರಳಿನ ಕಥೆ ಆಯ್ತಲ್ಲೇ!" ಎಂದೆ. ಆಗ ಎಲ್ಲ ಮನೆಗೂ ಒಂದೇ ಒರಳುಕಲ್ಲು. ನುಣುಪಾಯಿತೆಂದು ಒಬ್ಬಾಕೆ ಯಾರಿಗೂ ಹೇಳದೆ ಉಳಿಯಿಂದ ಕಚ್ಚು ಹಾಕಿಸಿದಳು. ಮಾರನೆಯ ಬೆಳಿಗ್ಗೆ ಎಲ್ಲರ ದೋಸೆಯಲ್ಲೂ ಕಲ್ಲುಪುಡಿ.

ಇವಳು ಅಷ್ಟು ಗಾಬರಿಯಲ್ಲೂ ನಕ್ಕಳು. "ಈಗ ನನ್ನ ಒರಳು ನಾನೇ ಹೊತ್ಕೊಂಡು ಬರ್ತೀನಿ. ಆ ಲೈಬ್ರರೀನ ಪ್ರೋಗ್ರಾಂ ಒಳಗೇ ಸೇರಿಸಿಬಿಡ್ತೀನಿ. ಭಾರ ಆಗತ್ತೆ, ಆಗ್ಲಿ."

"ಮೊದಲೇ ಸೇರಿಸೋಕೇನಾಗಿತ್ತು?"

"ನಾಳೆ ಅದರಲ್ಲಿ ತಪ್ಪು ಸಿಕ್ರೆ ಬೇರೆ ಯಾರೂ ಸರಿಮಾಡಲ್ಲ ಅಜ್ಜಿ. ನಾನೇ ಹೊಸದಾಗಿ ಕಟ್ಟಿ ತಂದು ಹಾಕ್ಬೇಕು. ಮರೆತ್ರೆ..."

ಮಾತು ಅಲ್ಲಿಗೇ ಬಿಟ್ಟು ಕೆಲಸಕ್ಕೆ ಕೈಹಚ್ಚಿದಳು.

ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಸೇರಿಸಿ ಕಟ್ಟಿದಳು, ತಂದು ಹಾಕಿದಳು. ಮತ್ತೆ ಕಾವು ಏರಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಹೊಡೆಯಿತು ನೋಡಿ! ಪಕ್ಕದ ಕೋಣೆಯ ಕೂಸುಗಳೆಲ್ಲ ಅಳುವಷ್ಟು ಜೋರಾಗಿ. ನಾನೂ ಅತ್ತೆ.

"ಹೆದರ್ಕೊಂಡ್ರಾ ಅಜ್ಜಿ?" ಎಂದರು ಡಾಕ್ಟರಮ್ಮ.

"ಇನ್ನೂ ಹೆದರ್ತಾನೇ ಇದೀನಮ್ಮ."

ನಾವು ಹೊರಡುವ ಹೊತ್ತಿಗೆ, ಅಂಗೈಯಷ್ಟಿದ್ದ ಒಂದು ಕೂಸನ್ನು ಆ ಪೆಟ್ಟಿಗೆಗೆ ತಂದು ಮಲಗಿಸುತ್ತಿದ್ದರು.

ಸಂಜೆ ಮನೆಯವರೆಲ್ಲ ನಡುಮನೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತೆವು. ಶಾವಿಗೆ ಪಾಯಸ ಮಾಡಿದ್ದೆ. ನಾನು ಮಾತ್ರ ತುತ್ತು ಎತ್ತದೆ ಮೊಮ್ಮಗಳ ಫೋನನ್ನೇ ನೋಡುತ್ತಿದ್ದೆ.

"ನಾಳೆಯಿಂದ ನೀನೂ ಅಲ್ಲೇ ಡ್ಯೂಟಿಗೆ ಹೋಗ್ಬಿಡು," ಎಂದು ನಮ್ಮ ಯಜಮಾನರು ರೇಗಿಸಿದರು.

ಮೊಮ್ಮಗಳು ನರ್ಸಿಗೆ ಫೋನ್ ಮಾಡಿ ವಿಚಾರಿಸಿದಳು. "ಕೂಸು ಬೆಚ್ಚಗೆ ನಿದ್ದೆ ಮಾಡ್ತಿದೆಯಂತೆ. ಈಗಾದ್ರೂ ಊಟ ಮಾಡಜ್ಜೀ."

ಎಲ್ಲರ ಜೊತೆ ನಾನೂ ಅನ್ನ ಕಲಸಿದೆ.