ಸ್ಪ್ರಿಂಗ್ ಅದುಮುವ ದಿನ
ನಮ್ಮ ಮನೆಯೊಡೆಯರು ತಮ್ಮ ಹಳೆಯ ಕಾರನ್ನು ಯಾವ ಮೆಕ್ಯಾನಿಕ್ಕಿಗೂ ಮುಟ್ಟಗೊಟ್ಟವರಲ್ಲ. ಮುಂಚಕ್ರದ ಸಸ್ಪೆನ್ಷನ್ ಬಿಚ್ಚಿ ಅಂಗಳವಿಡೀ ಗ್ರೀಸು ಮಾಡಿ, ಯಾರು ಕೇಳಿದರೂ "ಅರ್ಧ ಗಂಟೆ ಕೆಲಸ" ಎನ್ನುತ್ತ ವಾರಗಟ್ಟಲೆ ಕಳೆಯುತ್ತಾರೆ. ಸ್ಪ್ರಿಂಗನ್ನು ಕ್ಲಾಂಪಿನಿಂದ ಅದುಮುವ ದಿನ ಮಾತ್ರ ಹೆಂಡತಿಯನ್ನೂ ಬಾಡಿಗೆಯವರಾದ ನಮ್ಮನ್ನೂ ಗೋಡೆಯ ಹಿಂದಕ್ಕೆ ಅಟ್ಟುತ್ತಾರೆ: "ಸಿಡಿದ್ರೆ ತಲೆ ಉಳಿಯಲ್ಲ, ದೂರ ಹೋಗಿ." ತಮ್ಮ ತಲೆಯ ಚಿಂತೆ ಅವರಿಗಿಲ್ಲ. ಈ ಸಲ ಕ್ಲಾಂಪು ಕಿರುಗುಟ್ಟಿತು. ನಾವು ಗೋಡೆಯ ಹಿಂದೆ ಇನ್ನಷ್ಟು ಬಗ್ಗಿದೆವು. ಅವರು ಸ್ಪ್ಯಾನರ್ ಬಿಡದೆ, ಕತ್ತೆತ್ತದೆ, ಹೆಂಡತಿಯನ್ನು ಮೆಲ್ಲಗೆ ಕರೆದರು. "ಕ್ಲಾಂಪು ಜಾರ್ತಿದೆ ಕಣೇ. ನಟ್ಟು ಬಿಗಿ ಮಾಡೋಕೆ ನನ್ನ ಕೈಲಿ ಬಲ ಸಾಲ್ತಿಲ್ಲ. ಬರ್ತೀಯಾ?" "ಬಂದೆ" ಎಂದವರೇ ಆಕೆ ಪಕ್ಕದಲ್ಲಿ ಮಂಡಿಯೂರಿ, ಗಂಡನ ಬೆರಳುಗಳ ಮೇಲೆಯೇ ಕೈಯಿಟ್ಟು ತಿರುಗಿಸಿದರು. ನಟ್ಟು ಕೂತ ಮೇಲೂ ಇಬ್ಬರೂ ಕೈ ತೆಗೆಯಲಿಲ್ಲ.