ಮತ್ತೆ ತೆಗೆಯಲಾಗದ ಅಚ್ಚು

ಯುವಾನ್‌ಲಿನ್ ಪಟ್ಟಣದ ಹಣ್ಣಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಕೋ ಸು-ಚೆನ್ ಅವರ ಹಲ್ಲಿನ ಲ್ಯಾಬ್ ಇತ್ತು. ದಂತವೈದ್ಯರು ಕಳಿಸಿದ ಅಳತೆಗೆ ಹಲ್ಲಿನ ಸೆಟ್ಟು, ಕ್ಯಾಪು ಮಾಡಿಕೊಡುವುದು ಅಲ್ಲಿಯ ಕೆಲಸ. ನಾನು ಪಿಂಗಾಣಿ ಹಲ್ಲುಗಳಿಗೆ ಬಣ್ಣ ಕೊಡುತ್ತಿದ್ದೆ. ಅಚ್ಚ ಬಿಳಿ ಹಲ್ಲು ಯಾರ ಬಾಯಲ್ಲೂ ಇರುವುದಿಲ್ಲ. ಒಂದಿಷ್ಟು ಹಳದಿ, ಒಂದಿಷ್ಟು ಬೂದಿ ಸೇರಿದರೇ ಅದು ಹಲ್ಲಿನಂತೆ ಕಾಣುವುದು.

ಸು-ಚೆನ್ ಅಕ್ಕ ಹದಿಹರೆಯದಲ್ಲೇ ಈ ಕಸುಬಿಗೆ ಬಿದ್ದವರು. ಜಿಪ್ಸಮ್ಮು, ಮೇಣ, ಸಣ್ಣ ಚಾಕು ಹಿಡಿದೇ ಅರ್ಧ ಆಯುಷ್ಯ ಕಳೆದಿದ್ದರು. ಮಣಿಕಟ್ಟು ಕೈಕೊಟ್ಟ ಮೇಲೆ ಸ್ಕ್ಯಾನರ್ ಕೊಂಡು, ಬಾಯೊಳಗಿನ ಅಚ್ಚನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದನ್ನು ಕಲಿತರು. ಮಾತು ಕಡಿಮೆ, ಹಟ ಜಾಸ್ತಿ. ಕೆಲಸ ಅಚ್ಚುಕಟ್ಟು ಎಂದು ಹೆಸರಾಗಿ, ಕೆಲಸ ಕೊಡುವ ಕ್ಲಿನಿಕ್ಕುಗಳು ಮೂರಿದ್ದದ್ದು ಜಿಲ್ಲೆಯ ಅರ್ಧದಷ್ಟಾದವು. ದೊಡ್ಡಾಸ್ಪತ್ರೆಯವರೂ ಬಂದರು.

ಈ ಅಚ್ಚುಗಳೆಲ್ಲ ಇರುತ್ತಿದ್ದದ್ದು ಫ್ರಿಜ್ಜಿನ ಮೇಲಿನ ಒಂದು ಕಪ್ಪು ಪೆಟ್ಟಿಗೆಯಲ್ಲಿ. ಒಳಗೆ ನಾಲ್ಕು ಡಿಸ್ಕು. ನಮ್ಮೆಲ್ಲರ ಕಂಪ್ಯೂಟರುಗಳೂ ಅದರಿಂದಲೇ ಫೈಲು ತೆಗೆದು ಅದರಲ್ಲೇ ಇಡುತ್ತಿದ್ದವು. ಕೆಲಸ ಶುರುವಾದ ಕಾಲಕ್ಕೆ ಕೈಗೆಟುಕಿದ ಅಗ್ಗದ ಪೆಟ್ಟಿಗೆ ಅದು. ಅದರ ನಕಲನ್ನು ಅಕ್ಕ ಒಂದು ಹೊರಗಿನ ಡಿಸ್ಕಿಗೆ ತೆಗೆದಿಡುತ್ತಿದ್ದರು. ಆ ಡಿಸ್ಕು ವಸಂತದಲ್ಲೇ ತುಂಬಿಹೋಯಿತು. ಇನ್ನೊಂದು ತರಬೇಕು ಎಂದುಕೊಂಡರು, ಕೆಲಸದ ಒತ್ತಡದಲ್ಲಿ ಅದು ಹಾಗೇ ಉಳಿಯಿತು. ಶರತ್ಕಾಲದ ಹೊತ್ತಿಗೆ ಪೆಟ್ಟಿಗೆಯೂ ತುಂಬುತ್ತ ಬಂತು.

ಕಂಪ್ಯೂಟರ್ ಅಂಗಡಿಯ ವೈ ಎಂಬಾತ ದಾರಿ ಹೇಳಿದ. ಹೊಸ ಸರ್ವರ್ ಬೇಡ, ಇದರಲ್ಲೇ ಹಳೆಯ ಡಿಸ್ಕನ್ನು ಒಂದೊಂದಾಗಿ ತೆಗೆದು ದೊಡ್ಡದನ್ನು ಹಾಕಿದರಾಯಿತು. ತೆಗೆದದ್ದರಲ್ಲಿ ಇದ್ದದ್ದನ್ನು ಉಳಿದ ಮೂರು ಸೇರಿ ಹೊಸದಕ್ಕೆ ಬರೆದುಕೊಡುತ್ತವೆ. ಬರೆದು ಮುಗಿಯುವವರೆಗೆ ಮಾತ್ರ ಇನ್ನೊಂದು ಡಿಸ್ಕು ಕೆಡಬಾರದು. ಕೆಟ್ಟರೆ ಎಲ್ಲವೂ ಹೋದಂತೆ.

ಮೊದಲನೆಯದು ಸಲೀಸಾಗಿ ಆಯಿತು. ಎರಡನೆಯದೂ ಆಯಿತು. ಮೂರನೆಯದನ್ನು ಶುಕ್ರವಾರ ಹಾಕಿದರು. ಶನಿವಾರ ಬೆಳಿಗ್ಗೆ ನಾವು ಕೆಲಸಕ್ಕೆ ಕೂತಿದ್ದಾಗ ಪೆಟ್ಟಿಗೆ ಕೀಂಯ್ ಎಂದು ಕೂಗತೊಡಗಿತು. ಬರೆಯುವ ಕೆಲಸ ಅರ್ಧ ದಾಟಿತ್ತು. ಆದರೆ ಉಳಿದಿದ್ದ ಒಂದೇ ಒಂದು ಹಳೆಯ ಡಿಸ್ಕಿನಲ್ಲಿ ತಪ್ಪುಗಳು ಕಾಣಿಸಿಕೊಂಡಿದ್ದವು. ಅಕ್ಕ ಕುರ್ಚಿ ಹತ್ತಿ ಪೆಟ್ಟಿಗೆಗೆ ಕಿವಿಯಿಟ್ಟರು. ಒಳಗೆ ಏನೋ ಟಕ್ ಟಕ್ ಎನ್ನುತ್ತಿತ್ತು. ಕೆಳಗಿಳಿದಾಗ ಅವರ ಮುಖ ಸುಣ್ಣದಂತಾಗಿತ್ತು.

ವೈ ಸ್ಕೂಟರಿನಲ್ಲಿ ಓಡಿಬಂದ. ಬಂದವನೇ, ನಿನ್ನೆ ತೆಗೆದ ಹಳೆಯ ಡಿಸ್ಕನ್ನು ವಾಪಸ್ ಸಿಕ್ಕಿಸಬಹುದು, ಆದರೆ ಅದನ್ನು ತೆಗೆದ ಮೇಲೆ ಯಾರಾದರೂ ಪೆಟ್ಟಿಗೆಯಲ್ಲಿ ಏನಾದರೂ ಸೇವ್ ಮಾಡಿದ್ದೀರಾ ಎಂದು ಕೇಳಿದ. ನಿನ್ನೆ ಇಡೀ ದಿನ ಎಲ್ಲರೂ ಅದರಲ್ಲೇ ಕೆಲಸ ಮಾಡಿದ್ದೆವು. ಹಾಗಾದರೆ ಅದು ಉಳಿದವುಗಳ ಜೊತೆ ತಾಳೆಯಾಗುವುದಿಲ್ಲ ಎಂದ.

"ಈಗ ಮುಟ್ಟೋದೇ ಬೇಡ ಅಕ್ಕ. ಅರ್ಧಕ್ಕಿಂತ ಜಾಸ್ತಿ ಆಗಿದೆ. ಬಿಟ್ಬಿಡಿ, ಅದೇ ಮುಗಿಸಿಕೊಳ್ಳತ್ತೆ."

"ಮುಗಿಸದೆ ಸತ್ತರೆ?"

ವೈ ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆಯುತ್ತ ನಿಂತ.

"ಡಿಸ್ಕು ಉಬ್ಬಸ ಪಡ್ತಾ ಇದೆ, ಅದರ ಕೈಲಿ ಗುಡ್ಡ ಹತ್ತಿಸ್ತೀವಿ ಅಂತೀಯ. ಬರೆಯೋದು ನಿಲ್ಲಿಸು. ಉಸಿರಿರೋವಾಗ್ಲೇ ಬೇಕಾದ್ದನ್ನ ಹೊರಗೆ ತಗೊಳ್ಳೋಣ."

"ಎಲ್ಲಾನೂ ತಗೊಳ್ಳೋಕಾಗಲ್ಲ ಅಕ್ಕ."

"ಎಲ್ಲಾ ಬೇಡ. ಮತ್ತೆ ಬಾಯಿ ತೆರೆಸಿ ನೋಡಬಹುದಾದವ್ರು ಕಾಯಲಿ."

ಆ ಮಾತಿನ ಅರ್ಥ ನನಗೆ ಹೊಳೆಯಲು ಒಂದು ಕ್ಷಣ ಹಿಡಿಯಿತು. ಕ್ಯಾಪು ಹಾಕಿಸಿಕೊಳ್ಳುವವರ ಹಲ್ಲು ಬಾಯಲ್ಲೇ ಇರುತ್ತದೆ, ಬೇಕಾದರೆ ನಾಳೆ ಮತ್ತೆ ಸ್ಕ್ಯಾನ್ ಮಾಡಬಹುದು. ಆದರೆ ಕೆಲವರಿಗೆ ದವಡೆಯೇ ಈಗ ಇರಲಿಲ್ಲ. ಅಪಘಾತವಾದ ಒಬ್ಬ ಹೆಂಗಸು, ಕ್ಯಾನ್ಸರಿನವರು ಇಬ್ಬರು. ಅವರಲ್ಲೊಬ್ಬ ತು ಚಿನ್-ಶುಯ್, ಜಲ್ಲಿ ಲಾರಿಯ ಚಾಲಕ. ವರ್ಷಾನುಗಟ್ಟಲೆ ಅಡಿಕೆ ಜಗಿದು ಕೆಳದವಡೆಯ ಎಡಭಾಗವನ್ನು ಕಳೆದುಕೊಂಡವನು. ಶಸ್ತ್ರಚಿಕಿತ್ಸೆಗೆ ಮುಂಚೆ ಅಕ್ಕನೇ ಆಸ್ಪತ್ರೆಗೆ ಹೋಗಿ ಅವನ ಬಾಯಿಯ ಅಚ್ಚು ತೆಗೆದುಕೊಂಡು ಬಂದಿದ್ದರು. ಈ ಮೂವರದೂ ನಕಲಿನ ಡಿಸ್ಕು ತುಂಬಿದ ಮೇಲೆ ತೆಗೆದ ಅಚ್ಚುಗಳು. ವೈದ್ಯರ ಬಳಿ ಮೂಳೆಯ ಚಿತ್ರಗಳಿದ್ದವು, ಆದರೆ ಹಲ್ಲು ಹಲ್ಲಿಗೆ ಹೇಗೆ ಕೂರುತ್ತಿತ್ತು ಎಂಬುದು ಈ ಪೆಟ್ಟಿಗೆಯಲ್ಲಿ ಮಾತ್ರ ಇತ್ತು. ಕಾಲಿನ ಮೂಳೆ ತಂದು ಕಟ್ಟಿದ ಹೊಸ ದವಡೆ ಈಗಷ್ಟೇ ಗಟ್ಟಿಯಾಗಿತ್ತು. ಅದರ ಮೇಲೆ ಹಲ್ಲು ಕೂರಿಸುವ ಸಮಯ ಬಂದಿತ್ತು.

ಅಕ್ಕ ಒಂದೊಂದಾಗಿ ಎಲ್ಲ ಕ್ಲಿನಿಕ್ಕುಗಳಿಗೂ ಫೋನು ಮಾಡಿ ಇವತ್ತು ಕೆಲಸ ನಿಂತಿದೆ ಎಂದು ತಿಳಿಸಿದರು. ಒಬ್ಬ ವೈದ್ಯ ರೇಗಿದ. ಅಕ್ಕ ಕೇಳಿಸಿಕೊಂಡು ಫೋನು ಇಟ್ಟರು. ನಮ್ಮ ಕಂಪ್ಯೂಟರುಗಳನ್ನೆಲ್ಲ ಆಫ್ ಮಾಡಿಸಿದರು. ವೈ ಬರೆಯುವುದನ್ನು ನಿಲ್ಲಿಸಿದ ಮೇಲೆ, ಒಂದನ್ನು ಮಾತ್ರ ಉಳಿಸಿ ಅದರ ಮುಂದೆ ಕೂತರು.

ಅಪಘಾತದ ಹೆಂಗಸಿನದು ಬಂತು. ಇನ್ನೊಬ್ಬ ರೋಗಿಯದೂ ನಿಧಾನವಾಗಿ ಬಂತು. ತು ಅವರ ಮೇಲ್ದವಡೆಯ ಫೈಲು ನಡುವೆ ನಿಂತಿತು, ಮತ್ತೆ ಹರಿಯಿತು, ಮುಗಿಯಿತು. ಕೆಳದವಡೆಯದು ಶುರುವಾಯಿತು. ಪರದೆಯ ಮೇಲಿನ ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತೇಬಿಟ್ಟಿತು. ಮೇಲೆ ಟಕ್ ಟಕ್ ಸದ್ದು ಜೋರಾಯಿತು, ಆಮೇಲೆ ನಿಂತಿತು. ಪರದೆಯ ಮೇಲಿದ್ದ ಹೆಸರುಗಳೆಲ್ಲ ಒಮ್ಮೆಗೇ ಮಾಯವಾದವು.

ವೈ ಏನೋ ಸಮಾಧಾನ ಹೇಳಲು ಹೋದ. ನೀನು ಮನೆಗೆ ಹೋಗಪ್ಪ, ಊಟದ ಹೊತ್ತಾಯಿತು ಎಂದರು ಅಕ್ಕ. ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರಿನ ಸದ್ದಿನ ನಡುವೆಯೂ ಅವರು ಅಳುವುದು ನನಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ತು ಅವರಿಗೆ ಚಿಕಿತ್ಸೆ ಕೊಡುತ್ತಿದ್ದ ಯೇನ್ ಡಾಕ್ಟರು ಫೋನಿನಲ್ಲಿ, ರೋಗಿಗೆ ತಾವೇ ಹೇಳುವುದಾಗಿ ಅಂದರು. ಅಕ್ಕ ಒಪ್ಪಲಿಲ್ಲ. ಸೋಮವಾರ ನನ್ನನ್ನೂ ಕರೆದುಕೊಂಡು ತು ಅವರ ಮನೆಗೆ ಹೋದರು. ಆತ ಜಾಲರಿ ಬಾಗಿಲಿನ ಒಳಗೆ ಟೀವಿ ನೋಡುತ್ತ ಕೂತಿದ್ದ. ಮಾತು ಇನ್ನೂ ಸರಿಯಾಗಿ ಹೊರಡುತ್ತಿರಲಿಲ್ಲ, ಫೋನಿನಲ್ಲಿ ಬರೆದು ತೋರಿಸುತ್ತಿದ್ದ. ಹೆಂಡತಿ ಅದನ್ನು ಓದಿ ಹೇಳುತ್ತಿದ್ದಳು.

"ತು ಅಣ್ಣ, ನಿಮ್ಮ ಕೆಳದವಡೆ ಅಚ್ಚು ನನ್ನ ಕೈಯಿಂದ ಹೋಯ್ತು. ನಕಲು ಇಟ್ಕೋಬೇಕಿತ್ತು. ಇಟ್ಟಿರಲಿಲ್ಲ" ಎಂದರು ಅಕ್ಕ.

ಆತ ತಲೆ ತಗ್ಗಿಸಿ ಬಹಳ ಹೊತ್ತು ಬರೆದ. ಎಲ್ಲಿ ಬೈಗುಳ ಬರುತ್ತದೋ ಎಂದು ನಾನು ಬಾಗಿಲ ಕಡೆ ನೋಡುತ್ತಿದ್ದೆ. ಹೆಂಡತಿ ಫೋನು ತೆಗೆದುಕೊಂಡಳು.

"ಆ ಹಲ್ಲು ಇದ್ದಾಗ್ಲೂ ನನ್ನ ಹೆಂಡ್ತಿ ಹತ್ರ ಬರ್ತಿರಲಿಲ್ಲ, ಅಷ್ಟು ಕೆಂಪಗಿದ್ವು. ಹೋದ್ರೆ ಹೋಗ್ಲಿ. ಹೊಸದು ಚೆನ್ನಾಗಿ ಮಾಡಮ್ಮ" ಎಂದು ಓದಿ, "ನೋಡಿ, ಬಾಯಿ ಹೋದ್ರೂ ಬಾಯಿಬಡುಕತನ ಹೋಗಿಲ್ಲ" ಎಂದಳು. ಆಮೇಲೆ ತಾನೇ ಮುಖ ಆಚೆ ತಿರುಗಿಸಿಕೊಂಡಳು.

ಉಳಿದಿದ್ದದ್ದು ಮೇಲ್ದವಡೆ. ಅಕ್ಕ ಅದನ್ನು ಯಂತ್ರದಲ್ಲಿ ಅಚ್ಚು ಹೊಡೆದು ಕೈಯಲ್ಲಿ ಹಿಡಿದು ಕೂತರು. ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಸವೆದ ಗುರುತುಗಳು ಮೇಲಿನ ಹಲ್ಲುಗಳಲ್ಲಿದ್ದವು. ಕೆಳಗಿನ ಹಲ್ಲು ಎಲ್ಲಿ ತಾಗುತ್ತಿತ್ತು, ಎಷ್ಟು ಓರೆಯಾಗಿ ಉಜ್ಜುತ್ತಿತ್ತು ಎಂದು ಆ ಸವೆತದಿಂದಲೇ ಲೆಕ್ಕ ಹಾಕಿ, ಮೇಣದಲ್ಲಿ ಒಂದೊಂದೇ ಹಲ್ಲು ಕಟ್ಟಿದರು. ನೋಯುವ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡೇ ಮಾಡಿದರು. ಮೊದಲ ಸಲ ಕೂರಿಸಿದಾಗ ಸುತರಾಂ ಹೊಂದಲಿಲ್ಲ. ಇನ್ನೊಂದು ಮಾಡಿದರು, ಅದೂ ಸರಿಹೋಗಲಿಲ್ಲ. ಯೇನ್ ಡಾಕ್ಟರ ತಾಳ್ಮೆ ಕೆಡುತ್ತಿತ್ತು.

ಈ ನಡುವೆ ವೈ ಹೊಸ ಡಿಸ್ಕುಗಳನ್ನು ಹಾಕಿ ಪೆಟ್ಟಿಗೆಯನ್ನು ಮೊದಲಿನಿಂದ ಕಟ್ಟಿಕೊಟ್ಟ. ಕ್ಲಿನಿಕ್ಕುಗಳಿಂದ ಬಾಯಿಗಳ ಅಳತೆಗಳು ಮತ್ತೆ ಬಂದವು. ಎರಡು ಕ್ಲಿನಿಕ್ಕುಗಳು ಮರಳಿ ಬರಲೇ ಇಲ್ಲ. ಅಂಥದ್ದೇ ಇನ್ನೊಂದು ಪೆಟ್ಟಿಗೆಯನ್ನು ಅಕ್ಕ ತಮ್ಮ ತಂಗಿಯ ಮನೆಯಲ್ಲಿಟ್ಟರು. ದಿನವೂ ನಕಲು ಅಲ್ಲಿಗೆ ಹೋಗಿ ಸೇರಿದೆಯೇ ಎಂದು ನೋಡದೆ ಶಟರ್ ಎಳೆಯುತ್ತಿರಲಿಲ್ಲ.

ಚಳಿಗಾಲದ ಕೊನೆಗೆ ತು ಅವರ ಹಲ್ಲು ಕೂತಿತು. ಆತ ಕಚ್ಚಿದ, ನಿಲ್ಲಿಸಿದ, ಎಡಕೆನ್ನೆಯ ಮೇಲೆ ಬೆರಳಿಟ್ಟ. ಅಕ್ಕ ಹಲ್ಲನ್ನು ಕೂದಲೆಳೆಯಷ್ಟು ಉಜ್ಜಿದರು. ಮತ್ತೆ ಕಚ್ಚಿದ. ಹೆಂಡತಿ ಡಬ್ಬಿಯಲ್ಲಿ ತಂದಿದ್ದ ಬಾ-ವಾನ್ ಕಡುಬನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ ಬಾಯಿಗಿಟ್ಟಳು. ಆತ ನಿಧಾನವಾಗಿ ಜಗಿದ. ಗಲ್ಲದ ಮೇಲೆ ಸಾರು ಇಳಿಯಿತು, ಒರೆಸಿಕೊಳ್ಳಲಿಲ್ಲ. ನುಂಗಿದ ಮೇಲೆ ಇನ್ನೊಂದು ತುಂಡಿಗೆ ತಾನೇ ಕೈ ಚಾಚಿದ.