ಕವಳದ ಹರಿವಾಣದ ಮುಂದೆ ಹದಿನಾಲ್ಕು ಜನ

ಅಕ್ಕ ದೂರದ ಪುಟ್ಟ ದ್ವೀಪ ರಾಷ್ಟ್ರವೊಂದರಲ್ಲಿ ನರ್ಸ್ ಆಗಿದ್ದಳು. ಅವಳಿದ್ದ ದ್ವೀಪದ ಈ ತುದಿಯಿಂದ ಆ ತುದಿಗೆ ನಡೆದರೆ ಇಪ್ಪತ್ತೇ ನಿಮಿಷ. ಒಂದು ವರ್ಷದವರೆಗೆ ರೋಗ ಅಲ್ಲಿಗೆ ಕಾಲಿಟ್ಟಿರಲಿಲ್ಲ. ನಮ್ಮಲ್ಲಿ ಎರಡನೇ ಲಾಕ್‌ಡೌನ್ ಬಂದ ಹೊತ್ತಿಗೆ ಅಲ್ಲಿಗೂ ಬಂತು.

ಸಿರಸಿ ಕಡೆಯ ವಾನಳ್ಳಿಯ ನಮ್ಮ ಮನೆಯಲ್ಲಿದ್ದವರು ಅಮ್ಮ, ಅಂದರೆ ನಮ್ಮ ಆಯಿ, ಮತ್ತು ನಾನು ಇಬ್ಬರೇ. ಸಿಗ್ನಲ್ ಸಿಗುತ್ತಿದ್ದುದು ಹಿಂದಿನ ಗುಡ್ಡದ ತಲೆಯಲ್ಲಿ ಮಾತ್ರ. ದಿನಾ ನಾಲ್ಕು ಗಂಟೆಗೆ ಹತ್ತಿ, ಅಕ್ಕ ಫೋನಿನಲ್ಲಿ ಹೇಳಿದ್ದನ್ನು ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮೊದಲ ದಿನ: ಜ್ವರ, ಒಬ್ಬ, ರಾಜಧಾನಿಯಿಂದ ದೋಣಿಯಲ್ಲಿ ಬಂದ ಮೀನುಗಾರ. ನಾಲ್ಕನೇ ದಿನ: ಮೂವರು. ಏಳನೇ ದಿನ: ಹನ್ನೊಂದು. ಅಕ್ಕನ ಆಸ್ಪತ್ರೆಯಲ್ಲಿದ್ದುದು ಎರಡು ಆಮ್ಲಜನಕದ ಸಿಲಿಂಡರ್. ಹೊಸದನ್ನು ತರುವ ದೋಣಿ ನಿಂತುಹೋಗಿತ್ತು.

"ಉಳಿದ ಹತ್ತೂ ಜನ ಆ ಮೀನುಗಾರನ್ನ ಮಾತಾಡ್ಸಲೆ ಹೋದವೇಯ," ಎಂದಳು ಅಕ್ಕ. "ಆಯಿಗೆ ಉಬ್ಬಸ ಇದ್ದು. ಯಾರನ್ನೂ ಒಳಗೆ ಕರಿಯಡ. ಮಾತು ಕೊಡು."

ಕೊಟ್ಟೆ.

ಹನ್ನೆರಡನೇ ದಿನ ಕರೆ ಬರಲಿಲ್ಲ, ಒಂದು ಮೆಸೇಜ್ ಬಂತು. ಅವಳಿಗೂ ಜ್ವರ, ಮಾತಾಡಲು ಆಗುತ್ತಿಲ್ಲ, ಆಯಿಗೆ ಹೇಳಬೇಡ. ಪಕ್ಕದ ಬಂಡೆಯ ಮೇಲೆ ಮೇಲಿನಮನೆ ಮಾವ ತಮ್ಮ ಫೋನ್ ಹಿಡಿದು ಕೂತಿದ್ದರು.

"ಎಂತಾತೆ ಕೂಸೆ, ಅಳ್ತಾ ಇದ್ಯಲೆ?"

ಹೇಳಿಬಿಟ್ಟೆ. ಆ ಸುದ್ದಿಯನ್ನು ಒಬ್ಬಳೇ ಹೊತ್ತು ಗುಡ್ಡ ಇಳಿಯುವ ಶಕ್ತಿ ಇರಲಿಲ್ಲ.

"ಯಾರಿಗೂ ಹೇಳಡಿ ಮಾವಾ."

"ಆನು ಎಂತಕ್ಕೆ ಹೇಳ್ಲಿ?" ಎಂದರು.

ಮರುದಿನ ಬೆಳಿಗ್ಗೆ ಹನ್ನೊಂದರ ಒಳಗೆ ಜಗಲಿಯಲ್ಲಿ ಹದಿನಾಲ್ಕು ಜನ. ಕಷ್ಟ ಬಂದ ಮನೆಯವರನ್ನು ಮಾತಾಡಿಸದೆ ನಮ್ಮ ಊರು ಇರುವುದಿಲ್ಲ. ಬಂದವರನ್ನು ಎಲೆ-ಅಡಿಕೆಯ ಕವಳ ಕೊಡದೆ ಯಾವ ಮನೆಯೂ ಕಳಿಸುವುದಿಲ್ಲ. ಆಯಿಗೆ ಸುದ್ದಿ ತಿಳಿದದ್ದೇ ಅವರಿಂದ. ಸೆರಗಿನಲ್ಲಿ ಮುಖ ಒರೆಸಿಕೊಂಡು ಹರಿವಾಣಕ್ಕೆ ಎಲೆ, ಅಡಿಕೆ, ತಂಬಾಕು ಹಾಕಿದಳು. ಸುಣ್ಣದ ಡಬ್ಬಿ ಇದ್ದುದು ಒಂದೇ, ಎಲ್ಲರ ಬೆರಳೂ ಅದರೊಳಗೇ ಹೋಗಬೇಕು.

"ಆಯಿ, ಅಕ್ಕ ಬ್ಯಾಡ ಹೇಳಿದ್ದು," ಎಂದು ಅಡ್ಡ ನಿಂತೆ.

"ಅವಳ ಸಲುವಾಗೇ ಬಂದ ಜನ. ಬರೀ ಬಾಯಲ್ಲಿ ಕಳಸಲಾಗ್ತಾ?"

ಮಾವ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡರು. "ನಮ್ಮ ತಂಬಾಕಿನ ಎದುರಿಗೆ ಯಾವ ವೈರಸ್ಸೂ ನಿಲ್ತಿಲ್ಲೆ," ಎಂದರು. ಕೆಲವರು ನಕ್ಕರು, ಆಯಿಯೂ ನಕ್ಕಳು. ಮಾವ ಅವಳಿಗೂ ಒಂದು ಕವಳ ಮಡಚಿ ಕೊಟ್ಟರು. ಎದ್ದು ಹೋಗಿ ಎನ್ನಲು ನನ್ನಿಂದ ಆಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕೂತು ಹದಿನಾಲ್ಕು ಹೆಸರು ಬರೆದೆ, ಬಂದ ಹೊತ್ತು ಸಮೇತ.

ಅವರು ಬಂದುಹೋದ ನಾಲ್ಕನೇ ದಿನ ಮಾವನಿಗೆ ಜ್ವರ. ಆರನೇ ದಿನ ಆಯಿಗೆ. ಪಟ್ಟಿಯಲ್ಲಿ ಐದು ಹೆಸರಿನ ಮುಂದೆ ಗುರುತು ಬಿತ್ತು.

ಒಂಬತ್ತನೇ ದಿನ ಗುಡ್ಡದ ಮೇಲೆ ಫೋನ್ ಬಡಿದುಕೊಂಡಿತು. "ಆನು ಎದ್ದಿ," ಎಂದಳು ಅಕ್ಕ, ದನಿ ಸಣ್ಣಗಾಗಿತ್ತು. "ಆಯಿ ಹ್ಯಾಂಗಿದ್ದು?"

ನಡೆದದ್ದು ಹೇಳಿದೆ. ಅವಳು ಬೈಯಲಿಲ್ಲ. ನಿಮಿಷಕ್ಕೆ ಎಷ್ಟು ಉಸಿರು, ಎಣಿಸಿ ಬಾ ಎಂದಳು. ಇಳಿದು ಎಣಿಸಿದೆ: ಇಪ್ಪತ್ತೆಂಟು. ಹತ್ತಿ ಹೇಳಿದೆ. ಮತ್ತೆ ಎಣಿಸು ಎಂದಳು. ಮೂವತ್ತನಾಲ್ಕು.

"ಈಗಲೇ ಸಿರಸಿಗೆ ಕರ್ಕಂಡು ಹೋಗು."

ಆಂಬುಲೆನ್ಸಿನವರು ಮೈತುಂಬ ಬಿಳಿ ಗವಸಿನಲ್ಲಿ ಅಂಗಳದಲ್ಲಿ ನಿಂತಿದ್ದರು. ಆಯಿ ಮೆಟ್ಟಿಲಲ್ಲಿ ನಿಂತು, ಎರಡು ಸಲ ಉಸಿರೆಳೆದುಕೊಂಡು, "ಇವಕ್ಕೆ ಕವಳ ಕೊಟ್ಯನೆ?" ಎಂದಳು.

"ಬ್ಯಾಡ್ರಿ ಅಮ್ಮಾರ, ಮೊದ್ಲು ನೀವು ಹತ್ರಿ," ಎಂದ ಅವರಲ್ಲೊಬ್ಬ.

ಗಾಡಿಯಲ್ಲಿ ನನಗೆ ಜಾಗವಿರಲಿಲ್ಲ. ಐದು ದಿನ ಬಿಟ್ಟು ಆಸ್ಪತ್ರೆಯಿಂದ ಕರೆ ಬಂತು. ಆಯಿಯ ದೇಹವನ್ನು ಮನೆಗೆ ತರಲಿಲ್ಲ. ಅಕ್ಕನಿಗೆ ವಿಮಾನವಿರಲಿಲ್ಲ. ಈ ಸಲ ಮಾತಾಡಿಸಲು ಯಾರೂ ಬರಲಿಲ್ಲ.

ಮತ್ತೆ ಒಂಬತ್ತು ದಿನಕ್ಕೆ ಮಾವ ಗುಣವಾಗಿ, ಕೋಲೂರಿಕೊಂಡು ಗೇಟಿನ ಆಚೆ ಬಂದು ನಿಂತರು. "ಒಳಗೆ ಬರ್ಲನೆ ಕೂಸೆ?"

"ಬ್ಯಾಡಿ ಮಾವಾ," ಎಂದೆ.

ಅವರು ತಿರುಗಿ ಹೋದರು. ಅದನ್ನೂ ಬರೆದೆ. ನನ್ನ ಆ 'ಬ್ಯಾಡಿ' ಇಪ್ಪತ್ತಮೂರು ದಿನ ತಡವಾಗಿತ್ತು.